ರಿಟರ್ನ್ ಸಲ್ಲಿಕೆಯಾಯಿತು, ಅಕ್ಕಾ

ಅಕ್ಕಾ,

ಗೆದ್ದೆವು! ನಮ್ಮ ಇಸ್ತ್ರಿ ಅಂಗಡಿಯ ತೆರಿಗೆ ರಿಟರ್ನ್ ನಿನ್ನೆ, ಕೊನೆಯ ದಿನವೇ, ಸಲ್ಲಿಕೆಯಾಯಿತು. ನಾನು ಬಂದಾಗ ನೀನು ಜ್ವರದ ಮಾತ್ರೆ ನುಂಗಿ ಮಲಗಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ.

ಮೊದಲು ಹಾಲು ಬಿಸಿ ಮಾಡಿಕೊಂಡು ಕುಡಿ, ಆಮೇಲೆ ಮುಂದೆ ಓದು.

ಆಡಿಟರು ನಿನ್ನೆ ಬೆಳಿಗ್ಗೆಯೇ ಕೈ ಎತ್ತಿಬಿಟ್ಟಿದ್ದರು. "ನಿಮ್ಮಕ್ಕ ಬಂದು ಲೆಕ್ಕ ಹೇಳ್ದೆ ಆಗಲ್ಲಮ್ಮ. ದಂಡ ಕಟ್ಟಿ ಮುಂದಿನ ತಿಂಗಳು ಮಾಡೋಣ" ಎಂದರು. ಆದರೆ ನಾವು ಅಂಗಡಿಗೆಂದು ಕೇಳಿದ್ದ ಮೂಲೆಯ ದೊಡ್ಡ ಮಳಿಗೆಯ ಮಾಲೀಕರು ಇವತ್ತಿನೊಳಗೆ ರಿಟರ್ನ್ ರಸೀದಿ ತೋರಿಸದಿದ್ದರೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರಲ್ಲ! ನಾನು ಆಡಿಟರ ಬಾಗಿಲಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ. "ನೀವು ಊಟ ಮಾಡ್ಕೊಂಡು ಬನ್ನಿ ಸರ್, ನಾನಿಲ್ಲೇ ಇರ್ತೀನಿ" ಎಂದೆ. ಊಟ ಮಾಡಿ ಬಂದರು, ಇದ್ದೆ. ಟೀ ಕುಡಿದು ಬಂದರು, ಆಗಲೂ ಇದ್ದೆ. ಕೊನೆಗೆ ನಗು ತಡೆಯಲಾಗದೆ, "ತಾಯಿ, ಕೊಡಿ ಇಲ್ಲಿ ಆ ಬಿಲ್ಲುಗಳನ್ನ" ಎಂದರು. ನೀನು ತಿಂಗಳವಾರು ಕಟ್ಟಿಟ್ಟಿದ್ದೆಯಲ್ಲ, ಒಂದೇ ಒಂದು ಕೂಡ ಆಚೀಚೆ ಆಗಿರಲಿಲ್ಲ. "ಅಕ್ಕನದು ಅಚ್ಚುಕಟ್ಟು ಕೆಲಸ" ಎಂದು ಅವರೇ ಹೊಗಳಿದರು. ನನ್ನನ್ನೇನೂ ಹೊಗಳಲಿಲ್ಲ, ಇರಲಿ.

ರಸೀದಿಯನ್ನು ಮಾಲೀಕರಿಗೆ ಕಳಿಸಿದ್ದೇನೆ, ಒಪ್ಪಿದ್ದಾರೆ. ಇವತ್ತು ಸಂಜೆ ಬೀಗದ ಕೈ ಕೊಡುತ್ತಾರೆ.

ಅಂಗಡಿ ತೆರೆಯಲು ಹೊರಟೆ. ಮಧ್ಯಾಹ್ನದ ಮಾತ್ರೆ ಮರೆತರೆ ನನ್ನ ಬಾಯಿಗೆ ಸಿಕ್ಕಿಬೀಳುತ್ತೀಯ, ಹುಷಾರು.

ಸಂಜೆ ಗಾಡಿ ತರುತ್ತೇನೆ. ಹೊಸ ಮಳಿಗೆಯ ಬಾಗಿಲನ್ನು ನೀನೇ ತೆಗೆಯಬೇಕು. ಸುಸ್ತು ಗಿಸ್ತು ಎಂದೆಯೋ, ಎತ್ತಿಕೊಂಡೇ ಹೋಗುತ್ತೇನೆ.

ನಿನ್ನ ಜಿಗಣೆ ತಂಗಿ