ನಮ್ಮನ್ನು ಯಾರೂ ಕೇಳಲಿಲ್ಲ

ವಿಂಡಮ್ ವೇಲ್, ಮೆಲ್ಬರ್ನ್
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ಅವ್ವಾ,

ಶರಣು. ಮೊಣಕಾಲು ಹೇಗಿದೆ? ಅಲ್ಲಿ ನಿಮ್ಮ ಕೆಲ್ಲಿವಿಲ್‌ನಲ್ಲೂ ಚಳಿ ಜೋರಂತೆ. ತಂಗಿ ಮಹಾಶ್ವೇತಾ ತಂದಿಟ್ಟ ಹೀಟರನ್ನು ಬಿಲ್ಲಿಗೆ ಹೆದರಿ ಆರಿಸಿ ಕೂರಬೇಡ. ನಿನ್ನ ಮಗಳ ಮನೆಯಲ್ಲಿ ಎರಡು ಕಾರು ಇವೆ, ಒಂದು ಹೀಟರಿನಿಂದ ಅವರೇನೂ ದಿವಾಳಿ ಆಗುವುದಿಲ್ಲ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಅರ್ಧ ರೊಟ್ಟಿಗೇ ಕೈ ತೊಳೆಯುತ್ತೀ ಎಂದು ತಂಗಿ ದೂರು ಹೇಳಿದಳು. ಇಲ್ಲಿ ನಿನ್ನ ಸೊಸೆ ಶ್ರೀದೇವಿ ಚೆನ್ನಾಗಿದ್ದಾಳೆ. ಮೊಮ್ಮಗಳು ಆದ್ಯಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮೊನ್ನೆ ಊಟಕ್ಕೆ ಕೂತಾಗ ಆ ಬೊಚ್ಚುಬಾಯಲ್ಲಿ, "ಕಾಕಾ ಕಮಿಂಗ್ ಫಾರ್ ಮೈ ಬರ್ತ್‌ಡೇ?" ಎಂದು ಕೇಳಿದಳು. ಶ್ರೀದೇವಿ ಎದ್ದು ಒಳಗೆ ಹೋದಳು. ನಾನು, ಹೇಡಿ, ಮಗುವಿನ ಕೈಗೆ ಐಪ್ಯಾಡ್ ಕೊಟ್ಟೆ.

ದಿನಾ ಫೋನ್ ಮಾಡುವ ಮಗ ಇದೇನು ಕಾಗದ ಬರೆದ ಎಂದು ನಿನಗೆ ಅನ್ನಿಸಿರಬೇಕು. ಫೋನಿನಲ್ಲಿ ನೀನು "ಪ್ರಕಾಶಾ" ಎಂದ ಕೂಡಲೇ ನಾನು ಹವಾಮಾನದ ಮಾತಾಡಿ ಇಟ್ಟುಬಿಡುತ್ತೇನೆ. ಮೂರು ತಿಂಗಳಿಂದ ಹೀಗೇ ಆಗಿದೆ. ಗುರುವಾರ ನೀನು ಆ ಸಂಸದರ ಸಮಿತಿಯ ಮುಂದೆ ಮಾತಾಡುವವಳು. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಇಪ್ಪತ್ತು ವರ್ಷದಿಂದ ಕನ್ನಡ ಬರೆದಿಲ್ಲ, ಅಕ್ಷರ ನೋಡಿ ನಗಬೇಡ. ಇಲ್ಲ, ನಗು. ನೀನು ನಕ್ಕು ಬಹಳ ದಿನವಾಯಿತು.

ತಮ್ಮ ಅಭಿನವ ಇಲ್ಲಿನ ಸೈನ್ಯದಲ್ಲಿ ಆರು ವರ್ಷ ಇದ್ದಾಗ ನೀನು ಧಾರವಾಡದ ಮಂದಿಗೆಲ್ಲ ಫೋಟೋ ಕಳಿಸುತ್ತಿದ್ದೆ. ಸೈನ್ಯ ಬಿಟ್ಟು ಆ ಖಾಸಗಿ ಕಂಪನಿ ಸೇರಿ ಪಶ್ಚಿಮ ಆಫ್ರಿಕಾದ ಗಣಿ ಕಾಯಲು ಹೊರಟಾಗ ಮಾತ್ರ, "ಸರಕಾರದ್ದಲ್ಲದ ಬಂದೂಕು ಯಾಕ ಹಿಡೀತಿಯೋ?" ಎಂದು ಗದರಿದೆ. ನಾವೆಲ್ಲ ನಕ್ಕೆವು. ಫೆಬ್ರವರಿಯಲ್ಲಿ ಅವನು ಫೋನ್ ಮಾಡಿದಾಗ ದನಿಯೇ ಬೇರೆ ಇತ್ತು. "ಅಣ್ಣಾ, ಆರ್ಮ್ಯಾಗ ಒಂದು ಗುಂಡು ಹಾರಿಸಿದ್ರೂ ಯಾಕ ಅಂತ ಬರದು ಕೊಡಬೇಕಿತ್ತು. ಇಲ್ಲಿ ಯಾರೂ ಕೇಳಂಗಿಲ್ಲ. ಸತ್ತೋರು ಯಾರು ಅಂತನೂ ಕೇಳಂಗಿಲ್ಲ," ಎಂದ. ಬಿಟ್ಟು ಬಾ ಎಂದೆ. ನಾಲ್ಕು ವಾರ ಅಷ್ಟೇ, ಬಂದು ಎಲ್ಲಾ ಹೇಳ್ತೀನಿ ಎಂದ. ಬರಲಿಲ್ಲ.

ಬಂದದ್ದು ಬೂದಿಯ ಡಬ್ಬಿ. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು, ಮಣ್ಣು ಮಾಡುತ್ತಾರೆ. ಅಪ್ಪನನ್ನು ಹಾಗೇ ಮಾಡಿದೆವು. ಅಭಿನವನ ಲಿಂಗ ಅವನ ಬಟ್ಟೆಯ ಬ್ಯಾಗಿನಲ್ಲಿ ಕರಡಿಗೆ ಸಮೇತ ಮರಳಿ ಬಂತು, ಅದನ್ನು ಇಡಲು ಅಂಗೈ ಇರಲಿಲ್ಲ. ಆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನೀನು, "ನಮ್ಮಂದಿ ಸುಡ್ತಾರೇನೋ? ಮಣ್ಣಾಗ ಇಡಬೇಕಾದ ಕೂಸಿನ್ನ ಸುಟ್ಟಾರಲ್ಲೋ, ಯಾರನ್ನ ಕೇಳಿ ಸುಟ್ರು?" ಎಂದು ಅತ್ತೆ. ನಾನು ನಿನ್ನ ಬೆನ್ನು ಸವರುತ್ತ ನಿಂತೆ. ಅವ್ವಾ, ಆ ದಿನ ನನ್ನ ಕೈ ನಿನ್ನ ಬೆನ್ನ ಮೇಲೆ ಇರಬಾರದಿತ್ತು.

ಆಮೇಲೆ ಕಚೇರಿ ಕಚೇರಿ ತಿರುಗಿದ್ದು ನಿನಗೇ ಗೊತ್ತು. ಸೈನ್ಯದವರು ಈಗ ಅವನು ನಮ್ಮವನಲ್ಲ ಎಂದರು. ವಿದೇಶಾಂಗದವರು ಅದು ಖಾಸಗಿ ನೌಕರಿ ಎಂದರು. ಪೊಲೀಸರು ನಮ್ಮ ನೆಲದಲ್ಲಿ ಆದದ್ದಲ್ಲ ಎಂದರು. ಮರಣ ವಿಚಾರಣೆಯ ಕಚೇರಿಯಲ್ಲಿ ಒಬ್ಬ ಹುಡುಗಿ ಪಾಪ ಕಣ್ಣು ತುಂಬಿಕೊಂಡು, ದೇಹವೇ ಇಲ್ಲವಲ್ಲ, ಪರೀಕ್ಷಿಸುವುದು ಏನನ್ನು ಎಂದಳು. ಕಂಪನಿ ಇರುವುದು ಯಾವುದೋ ದ್ವೀಪದ ವಿಳಾಸದಲ್ಲಿ. ಅವರ ಪತ್ರ ಒಂದೇ ಪುಟ: ಮಾರ್ಚ್ ಹನ್ನೆರಡು, ಬುಧವಾರ, ಅಲ್ಲಿನ ಮಧ್ಯಾಹ್ನ, ಟ್ರಕ್ ಉರುಳಿ ಸಾವು. ಕೆಳಗೆ ಒಬ್ಬ ಮನುಷ್ಯನ ಹೆಸರೂ ಇಲ್ಲ. ಕೊನೆಗೆ ಇಂಥ ಖಾಸಗಿ ಕಂಪನಿಗಳ ವಿಚಾರಣೆ ನಡೆಸುವ ಈ ಸಮಿತಿಯವರು ನಿನ್ನನ್ನು ಕರೆದರು. ನೀನು ಹೇಳಬೇಕೆಂದಿರುವುದನ್ನು ಮಹಾಶ್ವೇತಾ ಇಂಗ್ಲಿಷಿಗೆ ಮಾಡಿ ನನಗೆ ಕಳಿಸಿದ್ದಾಳೆ. ಮೊದಲ ಸಾಲೇ, "ನನ್ನ ಮಗನನ್ನು ಸುಡುವ ಮುಂಚೆ ನಮ್ಮನ್ನು ಯಾರೂ ಕೇಳಲಿಲ್ಲ." "ಪ್ರಕಾಶ ಬ್ಯಾಂಕಿನ್ಯಾಗ ಅದಾನ, ಅಂವಗ ತೋರ್ಸು, ಅಂವ ಓದಲಾರದ ಎಲ್ಲಿಯೂ ಸಹಿ ಮಾಡಂಗಿಲ್ಲ," ಅಂದೆಯಂತೆ. ಆ ಸಾಲನ್ನು ದಾಟಿ ಮುಂದೆ ಓದಲು ನನಗೆ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಮೆಟ್ರೋದಲ್ಲಿ ಹೋಗುವಾಗ ಶಾಲು ಹೊದ್ದುಕೋ. ಅಳಿಯನಿಗೆ ನೆನಪು ಹೇಳು. ಆದ್ಯಾ ನಿನಗೊಂದು ಆನೆ ಬರೆದಿದ್ದಾಳೆ, ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ಪಾದ ಮುಟ್ಟಿ ಬೇಡುವುದು ಒಂದೇ, ಕೆಳಗಿನದನ್ನೂ ಕೂತು ಓದು, ನಿಂತು ಓದಬೇಡ.

ನಿನ್ನ ಹಿರಿಯ ಮಗ,
ಶಿವಪ್ರಕಾಶ

ಮತ್ತೆ: ಅವ್ವಾ, ಗುರುವಾರ ಆ ಸಾಲು ಹೇಳಬೇಡ. ಅವರು ಕೇಳಿದ್ದರು. ನನ್ನನ್ನು ಕೇಳಿದ್ದರು.

ನೀನು ಹೆದರುತ್ತೀ ಎಂದು ಅಭಿನವ ಕಂಪನಿಗೆ ಹತ್ತಿರದ ಬಂಧು ಎಂದು ನನ್ನ ಹೆಸರು ಕೊಟ್ಟಿದ್ದ. ಮಾರ್ಚಿನ ಆ ಬುಧವಾರ ಡಾಕ್‌ಲ್ಯಾಂಡ್ಸ್ ಟ್ರಾಮಿನಲ್ಲಿ ನಿಂತಿದ್ದಾಗ ಕಂಪನಿಯಿಂದ ಮೇಲ್ ಬಂತು, ವರ್ಷದ ಮಾಹಿತಿ ಅಪ್‌ಡೇಟ್ ಎಂದು. ಧರ್ಮದ ಎದುರು ಹಿಂದೂ ಎಂದು ಒತ್ತಿದೆ. ಕೆಳಗೆ, ಸತ್ತರೆ ಅಂತ್ಯಕ್ರಿಯೆ ಹೇಗೆ ಎಂಬ ಖಾನೆಯಲ್ಲಿ ದಹನ ಎಂದು ತಾನಾಗಿಯೇ ತುಂಬಿಕೊಂಡಿತು. ಕಣ್ಣಿಗೆ ಬಿತ್ತು. ಬದಲಾಯಿಸಬೇಕು ಅಂದುಕೊಂಡೆ, ಅಷ್ಟರಲ್ಲಿ ನನ್ನ ಸ್ಟಾಪ್ ಬಂತು. ಬೆರಳಿನಲ್ಲೇ ಸಹಿ ಗೀಚಿ ಇಳಿದುಬಿಟ್ಟೆ. ಬದುಕಿರುವ ಹುಡುಗನಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಸತ್ತ ಸುದ್ದಿಯ ಫೋನ್ ಬಂದದ್ದು ಮರುದಿನ ಸಂಜೆ.

ನಿನ್ನೆ ಆ ಮೇಲನ್ನು ಅಳಿಸಿಬಿಡೋಣ ಎಂದು ತೆಗೆದೆ. ಹೌದು, ನಿನ್ನ ಮಗ ಅಷ್ಟು ಕೆಳಗಿಳಿದಿದ್ದ. ಆಗ ಅದರ ಸಮಯ ನೋಡಿದೆ. ಬೆಳಿಗ್ಗೆ ಎಂಟು ನಲವತ್ತೆರಡು. ಅಲ್ಲಿ ಆಗ ಇನ್ನೂ ಮಂಗಳವಾರದ ರಾತ್ರಿ. ಟ್ರಕ್ ಉರುಳಿತು ಎಂದು ಅವರು ಹೇಳುವ ಮಧ್ಯಾಹ್ನಕ್ಕೆ ಇನ್ನೂ ಹದಿನಾಲ್ಕು ತಾಸು ಇತ್ತು. ವರ್ಷದ ಮಾಹಿತಿ ಎಂಬುದು ನೆಪ, ದೇಹ ಸುಡಲು ಅವರಿಗೆ ನನ್ನ ಸಹಿ ಬೇಕಿತ್ತು. ನಾನು ಸಹಿ ಹಾಕುವಾಗಲೇ ಅವನು ಸತ್ತಿದ್ದ ಅವ್ವಾ. ಅವರಿಗೆ ಗೊತ್ತಿತ್ತು. ನನ್ನ ತಪ್ಪನ್ನು ಮುಚ್ಚಿಡಲು ಹೋಗಿ ಅವರ ಸುಳ್ಳನ್ನು ಮೂರು ತಿಂಗಳು ನಾನೇ ಕಾಪಾಡಿದೆ.

ಬುಧವಾರ ಸಂಜೆಯ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ನೇರ ಸಮಿತಿಯ ಕೋಣೆಗೇ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆದರೆ ನಿನಗಿಂತ ಮೊದಲು ನನಗೆ ಮಾತಾಡಲು ಬಿಡು. ಆ ಮೇಲನ್ನು ಅವರ ಮೇಜಿನ ಮೇಲಿಟ್ಟು ನಾನು ಹೇಳಬೇಕು, ನನ್ನ ತಮ್ಮನನ್ನು ಸುಡಿ ಎಂದು ಸಹಿ ಹಾಕಿದವನು ನಾನೇ ಎಂದು.