ಹನ್ನೆರಡನೆಯ ಕುರ್ಚಿ ಖಾಲಿ ಇಟ್ಟವರಿಗೆ

ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನ ಆಯುಕ್ತರೇ,

ಮೊದಲು ‘ಮಾನ್ಯರೇ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಗೌರವ ಕೊಡುವುದಕ್ಕೂ ನೀವು ಒಂದು ಮಿತಿ ಇಟ್ಟಿರಬಹುದು, ಅದನ್ನು ಮೀರಿ ದಂಡ ತೆರುವ ಆಸೆ ನನಗಿಲ್ಲ. ವಿಷಯ ಇಷ್ಟು: ನಿಮ್ಮ ಸಂಬಳ ಮಿತಿಯ ನಿಯಮ ಕಳೆದ ಗುರುವಾರ ಲಾಟ್ರೀಸ್ ಪೆಟಿಗ್ರೂ ಎಂಬ ಆಟಗಾರ್ತಿಯನ್ನು ನಮ್ಮ ಟೊಲೀಡೊ ತಂಡದಿಂದ ಆಚೆ ಹಾಕಿತು. ಒಂದೇ ಬೇಸಿಗೆಯಲ್ಲಿ ಇದು ಎರಡನೆಯ ಸಲ. ಅವಳು ಕೆಟ್ಟದಾಗಿ ಆಡಿದಳೆಂದಲ್ಲ. ಅವಳ ಗೆಳತಿಯ ಕಾಲು ವಾಸಿಯಾಯಿತು, ಅದಕ್ಕೆ.

ನಾನು ಜೆರ್ಸಿಗಳ ಬೆನ್ನಿಗೆ ಹೆಸರು ಹೊಲಿಯುವವಳು. ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿದು, ನಿವೃತ್ತಿಯಾದ ಮೇಲೆ ಈ ಕೆಲಸಕ್ಕೆ ಬಂದೆ. ಹೊಲಿಯುವುದು ಅರ್ಧ ಕೆಲಸ, ಬಿಚ್ಚುವುದು ಇನ್ನರ್ಧ. ನಿಮ್ಮ ದಪ್ಪ ನಿಯಮ ಪುಸ್ತಕ ಓದಿದವರು ಈ ಊರಿನಲ್ಲಿ ಎಷ್ಟು ಜನರೋ ಗೊತ್ತಿಲ್ಲ. ನಾನಂತೂ ಅದನ್ನು ದಾರ ಕೀಳುತ್ತ ಕೀಳುತ್ತ ಕಲಿತೆ.

ತಂಡದಲ್ಲಿ ಹನ್ನೆರಡು ಜನ ಇರಬಹುದು ಎನ್ನುತ್ತದೆ ಆ ಪುಸ್ತಕ. ಎಂಥ ಧಾರಾಳ! ಆದರೆ ಎಲ್ಲರ ಸಂಬಳ ಸೇರಿ ಇಷ್ಟನ್ನು ಮೀರಕೂಡದು ಎಂದೂ ಅದೇ ಪುಸ್ತಕ ಹೇಳುತ್ತದೆ. ಮೂವರು ದೊಡ್ಡ ಆಟಗಾರ್ತಿಯರಿಗೆ ಕೊಟ್ಟು, ಉಳಿದವರಿಗೆ ಹಂಚುವಷ್ಟರಲ್ಲಿ ನಮ್ಮ ಮ್ಯಾನೇಜರ್ ಹನ್ನೊಂದಕ್ಕೇ ನಿಂತರು. ಹನ್ನೆರಡನೆಯ ಕುರ್ಚಿಯ ಮೇಲೆ ಟವೆಲ್ ಇಟ್ಟಿರುತ್ತಾರೆ. ಟವೆಲಿಗೆ ಸಂಬಳವಿಲ್ಲವಲ್ಲ.

ಮೇ ತಿಂಗಳ ತರಬೇತಿ ಶಿಬಿರದ ಕೊನೆಯ ದಿನ ಮ್ಯಾನೇಜರ್ ಲಾಟ್ರೀಸಳನ್ನು ಕರೆದಾಗ ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಬಾಗಿಲೂ ತೆರೆದಿತ್ತು.

“ನಿಂಗೆ ಐದು ವರ್ಷದ ಅನುಭವ ಇದೆ ಲಾಟ್ರೀಸ್. ಅನುಭವ ಇರೋರಿಗೆ ಕನಿಷ್ಠ ಸಂಬಳ ಜಾಸ್ತಿ. ಅಷ್ಟು ನಮ್ಮ ಹತ್ರ ಉಳಿದಿಲ್ಲ.”

“ಹಾಗಾದ್ರೆ ಹೊಸಬರಿಗೆ ಕೊಡೋದನ್ನೇ ಕೊಡಿ ಸರ್. ನಾನು ಒಪ್ಕೋತೀನಿ.”

“ಅಷ್ಟಾದ್ರೆ ಸಾಕಾಗೋದು, ಹನ್ನೊಂದನೇ ಜಾಗಕ್ಕೆ ಹೊಸಬಳನ್ನ ತಗೊಂಡಿದ್ದೂ ಅದಕ್ಕೇ. ಆದ್ರೆ ನೀನು ಒಪ್ಪಿದ್ರೂ ಲೀಗ್ ಒಪ್ಪಲ್ಲ.”

“ಅಂದ್ರೆ, ಆಟ ಬರುತ್ತೆ ಅಂತ ಕಳಿಸ್ತಿದೀರಾ?”

ಈ ಪ್ರಶ್ನೆಗೆ ನೀವು ಉತ್ತರ ಕೊಡುತ್ತೀರಾ ಆಯುಕ್ತರೇ? ಅನುಭವಿಗಳ ಹಿತ ಕಾಯಲೆಂದೇ ಈ ನಿಯಮ ಎಂದು ನೀವು ಟೀವಿಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಹಿತ ಕಾಯ್ದು ಕಾಯ್ದು ಅವಳನ್ನು ಬೀದಿಗೆ ತಂದಿರಿ. ಅಂದು ಸಂಜೆ ಅವಳು ನಮ್ಮ ಮನೆಯ ಮಹಡಿಯ ಕೋಣೆಗೆ ಬಂದಳು. ಊರು ದೂರದ ಅಲಬಾಮಾ. “ಯಾವಾಗ ಕರೀತಾರೋ ಗೊತ್ತಿಲ್ಲ ಮಿಸ್ ಇಲೋನಾ, ಹತ್ರದಲ್ಲೇ ಇರ್ತೀನಿ” ಎಂದಳು. ಸೂಟ್‌ಕೇಸ್ ಮಾತ್ರ ಬಿಚ್ಚಲಿಲ್ಲ. ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಒಬ್ಬಳೇ ಚೆಂಡು ಎಸೆಯುವಳು, ಮಧ್ಯಾಹ್ನ ನಾನು ಮಾಡಿದ ಪಾಪ್ರಿಕಾಶ್ ಎಂಬ ಕೋಳಿ ಸಾರು ತಿನ್ನುವಳು, ಫೋನ್ ನೋಡುವಳು.

ಜುಲೈನಲ್ಲಿ ಕರೆ ಬಂತು, ಯಾಕೆಂದರೆ ನಿಮ್ಮ ಪುಸ್ತಕದಲ್ಲಿ ಕರುಣೆಗೂ ಒಂದು ಪುಟ ಇದೆ. ಆಟಗಾರ್ತಿಯರು ಗಾಯಗೊಂಡು ಆಡಬಲ್ಲವರು ಹತ್ತಕ್ಕಿಂತ ಕಡಿಮೆಯಾದರೆ, ಮಿತಿಯನ್ನು ಮೀರಿಯೂ ಒಬ್ಬಳನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಬಹುದು. ಮತ್ತೆ ಹತ್ತಾದ ದಿನ ಅವಳನ್ನು ಬಿಟ್ಟುಬಿಡಬೇಕು. ನಮ್ಮಲ್ಲಿ ಒಬ್ಬಳ ಮೊಣಕಾಲು ಇಡೀ ಋತುವಿಗೆ ಹೋಗಿತ್ತು, ಆಮೇಲೆ ಕೋರಿನ್ ಹಾಲ್ವರ್ಸನ್‌ಳ ಕಣಕಾಲು ಉಳುಕಿತು. ಕೋರಿನ್ ಲಾಟ್ರೀಸಳ ಕಾಲೇಜು ಕಾಲದ ಗೆಳತಿ. ಇದಕ್ಕಿಂತ ಸೊಗಸಾದ ನಿಯಮ ಯಾರ ತಲೆಗೆ ಹೊಳೆದೀತು? ಗೆಳತಿ ಬಿದ್ದರೆ ಇವಳಿಗೆ ಕೆಲಸ, ಗೆಳತಿ ಎದ್ದರೆ ಇವಳು ಮನೆಗೆ.

ಲಾಟ್ರೀಸ್ ಮೂರು ವಾರ ಆಡಿದಳು, ಒಂಬತ್ತರಲ್ಲಿ ಆರು ಪಂದ್ಯ ಗೆದ್ದೆವು. ಅಷ್ಟರಲ್ಲಿ ಕೋರಿನ್ ಚೆನ್ನಾಗಿಯೇ ನಡೆಯತೊಡಗಿದ್ದಳು, ವೈದ್ಯರು ಬಂದಾಗ ಮಾತ್ರ ಕುಂಟುತ್ತಿದ್ದಳು. ಸಾಕ್ಸ್ ಕೊಡಲು ಹೋದ ನನ್ನ ಕೈಗೆ ಸಿಕ್ಕಿಬಿದ್ದಳು.

“ಏನೇ ಇದು, ಮೆಟ್ಟಿಲು ಹತ್ತುವಾಗ ಇಲ್ಲದ ನೋವು?”

“ಶ್! ಇನ್ನೊಂದು ವಾರ, ಮಿಸ್ ಇಲೋನಾ. ನಂಗೆ ಹೇಗೂ ಸಂಬಳ ಬರುತ್ತೆ. ಅವಳಿಗೆ?”

ನಾನು ಬಾಯಿ ಮುಚ್ಚಿಕೊಂಡೆ. ಕೋರಿನ್ ಮಿನೆಸೋಟಾದ ಪಾದ್ರಿಯ ಮಗಳು, ಊಟದ ಖರ್ಚಿನ ಚೀಟಿಯಲ್ಲೂ ಸುಳ್ಳು ಬರೆಯದವಳು. ಅವಳನ್ನು ಕುಂಟುವ ನಾಟಕಕ್ಕೆ ಇಳಿಸಿದವರು ನೀವು. ನಾಚಿಕೆ ಆಗುವುದಿಲ್ಲವೇ? ಆಗದಿದ್ದರೆ ಬೇಡ, ಅದಕ್ಕೂ ನಿಮ್ಮ ಮಿತಿಯಲ್ಲಿ ಜಾಗ ಉಳಿದಿರಲಿಕ್ಕಿಲ್ಲ.

ಆದರೆ ಲಾಟ್ರೀಸಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಗುರುವಾರ ಅಭ್ಯಾಸದ ವೇಳೆ ಕೋರಿನ್ ಅಂಗಳದ ಬದಿಯಲ್ಲಿ ನಿಂತು ಬಂದ ಚೆಂಡು ಹಿಂದಕ್ಕೆ ಕೊಡುತ್ತಿದ್ದಳು. ಲಾಟ್ರೀಸ್ ಅವಳ ತಲೆಯ ಮೇಲೆ ಎತ್ತರಕ್ಕೆ, ಬೇಕೆಂದೇ, ಒಂದು ಚೆಂಡು ಎಸೆದಳು. ಕೋರಿನ್‌ಗೆ ಯೋಚಿಸಲು ಸಮಯ ಸಿಗಲಿಲ್ಲ. ನೆಗೆದು ಹಿಡಿದು ಎರಡೂ ಕಾಲ ಮೇಲೆ ನೆಟ್ಟಗೆ ಇಳಿದಳು. ಇಡೀ ಅಂಗಳ ನೋಡಿತು, ವೈದ್ಯರೂ ನೋಡಿದರು.

“ಯಾಕೆ ಹಂಗೆ ಮಾಡ್ದೆ?” ಕೋರಿನ್ ಅಳುತ್ತಿದ್ದಳು.

“ನಿನ್ನ ಕಾಲು ನೋಯ್ಲಿ ಅಂತ ನಾನು ದಿನಾ ಬೇಡ್ಕೊಳ್ಳೋಕೆ ಶುರು ಮಾಡಿದ್ದೆ ಕಣೇ. ಸಾಕು. ಹೋಗು, ಆಡು.”

ನಾನೂ ಅತ್ತೆ. ಇಬ್ಬರೂ “ಹೆಸರು ಹಾಕಿಯೇ ಬರೀರಿ” ಎಂದಿದ್ದಾರೆ. ಕೋರಿನ್‌ಗೆ ದಂಡ ಹಾಕುವಿರಾದರೆ ಸಂತೋಷವಾಗಿ ಹಾಕಿ, ಆ ಕೆಲಸವೊಂದಕ್ಕೆ ನೀವು ತಡಮಾಡುವುದಿಲ್ಲ. ಅಂದು ಸಂಜೆಯೊಳಗೆ ಲಾಟ್ರೀಸಳನ್ನು ಕೈಬಿಟ್ಟರು. ತಂಡದಲ್ಲಿ ಮತ್ತೆ ಹತ್ತು ಜನ, ಕುರ್ಚಿಯ ಮೇಲೆ ಮತ್ತೆ ಟವೆಲ್.

ನನ್ನ ಬೇಡಿಕೆ ಸಣ್ಣದು. ಹನ್ನೆರಡು ಕುರ್ಚಿ ಎಂದರೆ ಹನ್ನೆರಡು ಆಟಗಾರ್ತಿಯರು ಎಂದು ಬರೆಯಿರಿ, ಹನ್ನೆರಡನೆಯವಳ ಸಂಬಳವನ್ನು ಮಿತಿಯಿಂದ ಹೊರಗಿಡಿ. ಆಗದಿದ್ದರೆ ಟೊಲೀಡೊಗೆ ಬನ್ನಿ. ಅವಳ ಜೆರ್ಸಿ ನನ್ನ ಮೇಜಿನ ಮೇಲಿದೆ, ಬೆನ್ನಿನ ಮೇಲೆ ಇಂಗ್ಲಿಷಿನ ಒಂಬತ್ತು ಅಕ್ಷರ. ಮೇ ತಿಂಗಳಲ್ಲಿ ಒಮ್ಮೆ ಬಿಚ್ಚಿದ್ದೆ, ಇನ್ನೊಮ್ಮೆ ನನ್ನಿಂದಾಗದು. ಕತ್ತರಿ ಕೊಡುತ್ತೇನೆ, ಕುರ್ಚಿಯನ್ನೂ ಕೊಡುತ್ತೇನೆ, ಹೇಗೂ ಒಂದು ಖಾಲಿ ಇದೆ. ಅದರಲ್ಲಿ ಕುಳಿತು ನಿಮ್ಮ ಕೈಯಾರೆ ಬಿಚ್ಚಿ. ಅವಳು ಎದುರಿಗೇ ನಿಂತಿರುತ್ತಾಳೆ.

ಇಂತಿ,
ಈ ಬೇಸಿಗೆಯಲ್ಲಿ ಒಂದೇ ಹೆಸರನ್ನು ಎರಡು ಸಲ ಹೊಲಿದ,
ಇಲೋನಾ ವಾರ್ಗೊ, ಟೊಲೀಡೊ