ಧಡಾರಪ್ಪನ ಬಾಗಿಲು

ಸೋಮವಾರ, ಮಧ್ಯಾಹ್ನ
ಲಾಂಡ್ರಿಯ ಮೇಲಿನ ಮನೆ

ಮಗಳೇ,

ಅಮ್ಮನ ಆಶೀರ್ವಾದ. ಆಶೀರ್ವಾದ ಬರೆದಿದ್ದಾಳೆ, ಹಾಗಾದರೆ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ನಮ್ಮ ಮನೆಯಲ್ಲಿ ಎರಡೂ ಒಂದೇ ಕೈಯಿಂದ ಬರುತ್ತಿದ್ದವು. ನಿನಗೆ ಗೊತ್ತಿಲ್ಲದ್ದೇನಲ್ಲ.

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಮುಂದಿನ ವಾರ ನನ್ನ ಪಿತ್ತಕೋಶ ತೆಗೆಯುತ್ತಾರೆ. ಒಳಗೆ ಕಲ್ಲು ತುಂಬಿದೆಯಂತೆ. ಡಾಕ್ಟರು ಈಗಾಗಲೇ ಎರಡು ಸಲ ದಿನ ಗೊತ್ತು ಮಾಡಿದ್ದರು. ಒಂದು ಸಲ ಹೋಟೆಲಿನವರ ಬೆಡ್‌ಶೀಟು ರಾಶಿ ಬಿದ್ದಿದೆ ಎಂದೆ, ಇನ್ನೊಂದು ಸಲ ಬಾಯ್ಲರ್ ಕೆಟ್ಟಿದೆ ಎಂದೆ. ಎರಡೂ ಸುಳ್ಳು. ಈ ಸಲ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಜ್ಜಿ, ಆ ಕಲ್ಲು ನಿಮ್ಮ ಹೋಟೆಲಿನವರನ್ನ ಕೇಳ್ಕೊಂಡು ಕೂತ್ಕೊಳಲ್ಲ" ಅಂದರು. ಅಜ್ಜಿ ಎಂದದ್ದಕ್ಕೆ ಕೋಪ ಬಂತು. ಆದರೂ ಒಪ್ಪಿಕೊಂಡು ಬಂದೆ.

ಒಂದು ವಾರ ಆಸ್ಪತ್ರೆಯಲ್ಲಿರಬೇಕು. ಆ ಒಂದು ವಾರ ನೀನು ಇಲ್ಲಿ ಬಂದಿರಬೇಕು.

ನನ್ನ ಚಾಕರಿಗಲ್ಲ, ಅದಕ್ಕೆ ನರ್ಸಮ್ಮಂದಿರಿದ್ದಾರೆ. ಅಂಗಡಿಗೂ ಅಲ್ಲ, ಇಸ್ತ್ರಿಯ ಅಕ್ಕ ನಿನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನಿನ್ನ ತಮ್ಮನ ಸಲುವಾಗಿ ಬರಬೇಕು. ದಿನಾ ಸಂಜೆ ಮಾಡುವ ಒಂದು ಕೆಲಸವಿದೆ. ಇಷ್ಟು ದಿನ ನಾನೇ ಮಾಡಿಕೊಂಡು ಬಂದಿದ್ದೇನೆ. ಹೊರಗಿನವರ ಕೈಗೆ ಕೊಡುವಂಥದ್ದಲ್ಲ, ಹೊರಗಿನವರ ಕಿವಿಗೆ ಬೀಳುವಂಥದ್ದೂ ಅಲ್ಲ. ಏನೆಂದು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ನೀನು ಪತ್ರವನ್ನು ಮಡಿಚಿಟ್ಟು ಎದ್ದು ಹೋಗುತ್ತೀಯ. ಚಿಕ್ಕವಳಿದ್ದಾಗ ಔಷಧಿ ಬಾಟಲಿ ಕಂಡರೆ ಹಾಗೇ ಮಾಡುತ್ತಿದ್ದೆ.

ಮೊನ್ನೆ ನಿನ್ನನ್ನು ಟೀವಿಯಲ್ಲಿ ನೋಡಿದೆ. ಗಾಂಜಾ ಇಟ್ಟುಕೊಂಡವರನ್ನು ಜೈಲಿಗೆ ಹಾಕುವುದು ಸರಿಯೋ, ದಂಡ ಹಾಕಿ ಬಿಟ್ಟುಬಿಡುವುದು ಸರಿಯೋ ಎಂಬ ಚರ್ಚೆ. ನಿನ್ನ ಹೆಸರಿನ ಕೆಳಗೆ 'ಸರ್ಕಾರಿ ವಕೀಲರು' ಎಂದು ಬರೆದಿತ್ತು. ಎದುರಿಗೆ ಕೂತ ಗಡ್ಡದವನು ಕೈ ಬೀಸಿ ಬೀಸಿ ಮಾತಾಡಿದ. ಅವನ ಕಾಲರಿನ ಕೊಳೆ ಸರಿಯಾಗಿ ಹೋಗಿರಲಿಲ್ಲ, ಹಾಗಾಗಿ ಅವನ ಮಾತು ನನ್ನ ತಲೆಗೆ ಹೋಗಲಿಲ್ಲ. ನಿನ್ನ ಕರಿ ಕೋಟಿನ ಇಸ್ತ್ರಿ ಗೆರೆ ಹಿಡಿದ ಹಾಗಿತ್ತು. ನೀನು ದನಿ ಏರಿಸದೆ ಹೇಳಿದೆ, ಭಯ ಇರಬೇಕು, ಭಯ ಇಲ್ಲದ ಮನೆಯಾಗಲಿ ಊರಾಗಲಿ ನೆಟ್ಟಗಿರುವುದಿಲ್ಲ, ಜೈಲು ಅಂದರೆ ಒಂದು ಗೋಡೆ, ಅದನ್ನು ಕಂಡರೆ ಜನ ದಾರಿ ತಪ್ಪುವುದಿಲ್ಲ ಎಂದು.

ಆ ಮಾತು ಯಾರದೆಂದು ನಿನಗೂ ಗೊತ್ತು. ಗೋಡೆಯದೊಂದು ನಿನ್ನದು, ಉಳಿದದ್ದೆಲ್ಲ ನನ್ನದು. ಒಗೆಯುವ ತೊಟ್ಟಿಯ ಪಕ್ಕ ನಿಂತು ನಿಮ್ಮಿಬ್ಬರಿಗೂ ಹೇಳಿಕೊಟ್ಟದ್ದು. ಇವತ್ತಿಗೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ.

ನಿನ್ನ ತಮ್ಮ ಆಗ ನೆಲದ ಮೇಲೆ ಕೂತು ದಿಂಬಿನ ಚೀಲ ಮಡಿಚುತ್ತಿದ್ದ. ನೀನು ಮಾತು ಶುರು ಮಾಡಿದ ಕೂಡಲೇ ಎದ್ದು ನಿಂತ. ಕೈ ಎರಡೂ ಬೆನ್ನ ಹಿಂದೆ, ಕಣ್ಣು ನೆಲದ ಮೇಲೆ. ನಿನ್ನ ಸರದಿ ಮುಗಿಯುವವರೆಗೆ ಹಾಗೇ ನಿಂತಿದ್ದ. ಗಡ್ಡದವನು ಮಾತಾಡುವಾಗ ಕೂತ. ನೀನು ಮತ್ತೆ ಬಾಯಿ ತೆರೆದಾಗ ಮತ್ತೆ ಎದ್ದ. ಎಲ್ಲ ಮುಗಿದ ಮೇಲೆ ಅವನೇ ಹೇಳಿದ: "ಅಕ್ಕ ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಲ್ವಾಮ್ಮಾ." ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೇಸಿನ ವಿಷಯ ನಾವು ಯಾವತ್ತೂ ಕೂತು ಮಾತಾಡಲಿಲ್ಲ. ಅವನಿಗೆ ಶಿಕ್ಷೆಯಾದ ದಿನ ನೀನು ಅದೇ ಕಟ್ಟಡದಲ್ಲಿದ್ದೆ, ಇನ್ನೊಂದು ಕೋಣೆಯಲ್ಲಿ, ಇನ್ನಾರದೋ ಮಗನ ಕೇಸು ನಡೆಸುತ್ತಿದ್ದೆ. ಹುದ್ದೆಗೆ ಮಸಿ ಹತ್ತಬಾರದೆಂದು ಈ ಕಡೆ ಬರಲಿಲ್ಲ. ಆಮೇಲೆ ಮನೆಗೂ ಬರಲಿಲ್ಲ. ಅಲ್ಲಿ ನಡೆದದ್ದನ್ನು ಹಾಗಾಗಿ ನಾನೇ ಬರೆಯಬೇಕು.

ನಮ್ಮ ಅಂಗಡಿಯ ಕಟ್ಟಳೆ ನಿನಗೆ ಮರೆತಿರಲಿಕ್ಕಿಲ್ಲ. ಬಟ್ಟೆ ನೀರಿಗೆ ಬೀಳುವ ಮುಂಚೆ ಪ್ರತಿ ಜೇಬನ್ನೂ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಬೇಕು. ಸಿಕ್ಕಿದ್ದನ್ನು ಕಾಗದದಲ್ಲಿ ಕಟ್ಟಿ, ಗಿರಾಕಿಯ ನಂಬರಿನ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿ, ಬಟ್ಟೆಯ ಜೊತೆ ವಾಪಸು ಕಳಿಸಬೇಕು. ಕಟ್ಟುಹಲ್ಲು ಸಿಕ್ಕಿದೆ, ಉಂಗುರ ಸಿಕ್ಕಿದೆ, ಗಂಡಸರ ಕೋಟಿನಲ್ಲಿ ಎಂಥೆಂಥದೋ ಸಿಕ್ಕಿದೆ. ಎಸೆಯಬಾರದು, ಇಟ್ಟುಕೊಳ್ಳಬಾರದು, ಯಾರ ಜೇಬಿನಲ್ಲಿ ಏನಿತ್ತೆಂದು ಬಾಯಿ ಬಿಡಬಾರದು. ಈ ಬೀದಿಯ ಜನ ನಮ್ಮನ್ನು ನಂಬುವುದು ಸೋಪಿನ ವಾಸನೆ ನೋಡಿ ಅಲ್ಲ.

ಆ ಸಂಜೆ ಅವನು ಗಂಟು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಟ್ಟೆ ಕೊಡಲು ಹೋಗಿದ್ದ. ಸೇತುವೆ ಹತ್ತಿರ ಪೊಲೀಸರು ನಿಲ್ಲಿಸಿದರು. ಗಂಟಿನೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಒಂದು ಮುಷ್ಟಿ ಗಾಂಜಾ. ಯಾರದೆಂದು ಕೇಳಿದ್ದಕ್ಕೆ ನನ್ನದು ಎಂದ. ಠಾಣೆಯಲ್ಲೂ ಅದೇ, ಕೋರ್ಟಿನಲ್ಲೂ ಅದೇ. ಪೊಟ್ಟಣದ ಮೇಲೆ ನಂಬರಿನ ಚೀಟಿ ಇರಲಿಲ್ಲ. ಕಾಗದದಲ್ಲಿ ಗುಂಡುಪಿನ್ನು ಹೊಕ್ಕು ಹೊರಬಿದ್ದ ಎರಡು ತೂತು ಮಾತ್ರ ಇದ್ದವು. ಅದನ್ನು ನಮ್ಮ ವಕೀಲರು ನ್ಯಾಯಾಧೀಶರಿಗೆ ತೋರಿಸಿದರು. ತೂತನ್ನು ಯಾರು ಸಾಕ್ಷಿ ಎನ್ನುತ್ತಾರೆ?

ಇವನು ಸಾಧು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ತಾರಸಿಯ ಮೇಲೆ ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ ಅವನು ಆಗೀಗ ಸೇದುತ್ತಿದ್ದ. ಒದ್ದೆ ಬಟ್ಟೆ ವಾಸನೆ ಹಿಡಿದುಕೊಳ್ಳುತ್ತದೆ, ನನ್ನ ಮೂಗಿಗೆ ಮೋಸ ಮಾಡಲಾಗುವುದಿಲ್ಲ. ಎರಡು ಸಲ ಬೈದಿದ್ದೆ, ಒಂದು ಸಲ ಹೊಡೆದೂ ಇದ್ದೆ, ಅಷ್ಟು ದೊಡ್ಡ ಗಂಡಸನ್ನು. ನಕ್ಕು ಓಡಿಹೋಗಿ ಬಾಗಿಲು ಹಾಕಿಕೊಂಡಿದ್ದ, ಇಡೀ ಮನೆ ನಡುಗುವ ಹಾಗೆ. ಕೋರ್ಟಿನಲ್ಲಿ ಒಂದು ವರ್ಷ ಜೈಲು ಎಂದು ಬರೆದರು. ಒಂದು ವರ್ಷಕ್ಕೆ ಸರಿಯಾಗಿ ಮನೆಗೆ ಕಳಿಸಿದರು. ಲೆಕ್ಕದಲ್ಲಿ ಮೋಸವಿಲ್ಲ.

ಅವನು ಬಂದ ಹೊಸತರಲ್ಲಿ ಸಂಗೀತದ ಮೇಷ್ಟ್ರು ಅಂಗಡಿಗೆ ಬಂದರು. ನಿನಗೆ ಸ್ವರ ಹೇಳಿಕೊಡಲು ಹೋಗಿ ಸೋತವರು, ನೆನಪಿರಬಹುದು. ಈಗ ಅವರ ಬೆರಳುಗಳೆಲ್ಲ ಸೊಟ್ಟಗಾಗಿವೆ, ನೋವಿಗೆ ಲೋಟ ಹಿಡಿಯಲಾಗುವುದಿಲ್ಲ. ಕೌಂಟರಿನ ಮುಂದೆ ನಿಂತು, ಆ ದಿನದ ಗಂಟಿನಲ್ಲಿ ತಮ್ಮ ಕೋಟೂ ಇತ್ತು, ಜೇಬು ನೋಡಿಕೊಳ್ಳದೆ ಕೊಟ್ಟುಬಿಟ್ಟಿದ್ದೆ ಎಂದು ತೊದಲಿದರು. ನೋವಿಗೆಂದು ಅದನ್ನು ಇಟ್ಟುಕೊಂಡಿದ್ದರಂತೆ. ನಿನ್ನ ತಮ್ಮ ಒಳಗಿನಿಂದ ಬಂದ. ಒಗೆದಿಟ್ಟ ಅವರ ಶಾಲನ್ನು ಕೌಂಟರಿನ ಮೇಲಿಟ್ಟ. "ಮೇಷ್ಟ್ರೇ, ನಿಮ್ಮ ಜೇಬಲ್ಲಿ ಒಂದು ಕರ್ಚೀಫು ಬಿಟ್ರೆ ಏನೂ ಇರ್ಲಿಲ್ಲ," ಅಂದ. "ನೀವು ಮನೆಗೆ ಹೋಗಿ."

ಅವನು ಹೇಳಿದ್ದು ನಿಜವೋ, ನಮ್ಮ ಕಟ್ಟಳೆಯ ಮಾತೋ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದೂ ಇಲ್ಲ. ನೀನು ಬಂದಾಗಲೂ ಕೇಳಬೇಡ. ಆ ಪೊಟ್ಟಣ ಮೇಷ್ಟ್ರದೇ ಎಂದುಕೋ. ನಿನ್ನ ಕಾನೂನು ಆ ಸೊಟ್ಟ ಬೆರಳುಗಳಿಗೆ ಬೇಡಿ ಹಾಕಬೇಕಿತ್ತು. ನಿನ್ನ ತಮ್ಮನದೇ ಎಂದುಕೋ. ಟೀವಿಯಲ್ಲಿ ಗೋಡೆ ಅಂದೆಯಲ್ಲ, ಒಂದು ಮುಷ್ಟಿಗೆ ಎಷ್ಟು ಎತ್ತರದ ಗೋಡೆ ಕಟ್ಟುತ್ತಾರೆ ಎಂದು ನಿನ್ನನ್ನು ಕೇಳಬೇಕೆನಿಸಿತು. ಗಾಂಜಾದಲ್ಲಿ ಹಾಳಾದವರನ್ನು ನಾನು ಕಂಡಿಲ್ಲವೆಂದಲ್ಲ. ಹಿಂದಿನ ಓಣಿಯ ಬಡಗಿಯ ಅಳಿಯ ಉಳಿ ಸುತ್ತಿಗೆಯನ್ನೂ ಬಿಡದೆ ಮಾರಿದ. ಅಂಥವನನ್ನು ಹಿಡಿದು ಕೂರಿಸಬೇಕೆಂದು ಈಗಲೂ ಹೇಳುತ್ತೇನೆ. ಎಲ್ಲಿ ಕೂರಿಸಬೇಕೆಂದು ಕೇಳಿದರೆ ಮಾತ್ರ ಮೊದಲಿನ ಹಾಗೆ ಥಟ್ಟನೆ ಉತ್ತರ ಬರುವುದಿಲ್ಲ.

ಯಾಕೆಂದರೆ ನಾನು ಈ ಮನೆಯಲ್ಲಿ ಇರುವವಳು.

ಸತ್ತವರು ಮನೆಯಲ್ಲಿ ಓಡಾಡುತ್ತಾರೆಂದು ನಾನು ನಂಬಿದವಳಲ್ಲ. ನಿಮ್ಮಪ್ಪ ಹೋದ ಮಾರನೇ ವಾರವೇ ಬಾಯ್ಲರ್ ಹಚ್ಚಿದೆ. ಅವರ ಕೆಮ್ಮು ಒಂದು ದಿನವೂ ನನಗೆ ಕೇಳಿಸಲಿಲ್ಲ. ಈಗ, ಬದುಕಿರುವವನು ಹಾಗೆ ಓಡಾಡುತ್ತಿದ್ದಾನೆ. ಹೆಜ್ಜೆ ಸದ್ದಿಲ್ಲ. ನಾನು ಬಚ್ಚಲಿನಿಂದ ಹೊರಗೆ ಬಂದರೆ ಎದುರಿನ ಬಾಗಿಲ ಬಳಿ ನಿಂತಿರುತ್ತಾನೆ, ಯಾವಾಗಿನಿಂದಲೋ. ಬಾಗಿಲು ಬರೇ ಮುಚ್ಚಿರುತ್ತದೆ, ಬೀಗ ಹಾಕಿರುವುದಿಲ್ಲ, ಆದರೂ ತಳ್ಳುವುದಿಲ್ಲ. ನಾನು ತೆಗೆದು ಬಾರೋ ಎಂದರೆ ಬರುತ್ತಾನೆ. ತಟ್ಟೆಯ ಸುತ್ತ ಎಡಗೈ ಕಟ್ಟಿಕೊಂಡು ಉಣ್ಣುತ್ತಾನೆ, ಯಾರೋ ಕಿತ್ತುಕೊಳ್ಳುವ ಹಾಗೆ. ನನ್ನ ಬೀಗದ ಕೈ ಗೊಂಚಲು ಗಲಗಲ ಎಂದರೆ ಎಲ್ಲಿದ್ದಾನೋ ಅಲ್ಲೇ ನಿಲ್ಲುತ್ತಾನೆ. ಮೆಟ್ಟಿಲ ಮಧ್ಯದಲ್ಲಿ, ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಹಾಗೆ ನಿಂತಿದ್ದ ಒಂದು ದಿನ, ಬುಟ್ಟಿಯ ನೀರು ತಲೆಯ ಮೇಲೆ ಸುರಿಯುತ್ತಿತ್ತು. ಆವತ್ತಿನಿಂದ ಗೊಂಚಲಿಗೆ ಹಳೇ ಟವೆಲು ಸುತ್ತಿಟ್ಟಿದ್ದೇನೆ. ಇಸ್ತ್ರಿಯ ಅಕ್ಕ ಯಾಕೆಂದು ಕೇಳಿದಳು. ತುಕ್ಕು ಹಿಡಿಯುತ್ತದೆ ಎಂದೆ. ಟವೆಲಿನಿಂದಲೇ ಹೆಚ್ಚು ಹಿಡಿಯುತ್ತದಲ್ಲಮ್ಮ ಎಂದಳು. ನಿನ್ನ ಕೆಲಸ ನೋಡು ಎಂದೆ.

ನಿಮ್ಮಪ್ಪ ಅವನನ್ನು ಧಡಾರಪ್ಪ ಎಂದು ಕರೆಯುತ್ತಿದ್ದದ್ದು ನೆನಪಿದೆಯಾ? ಬಾಗಿಲು ಮೆಲ್ಲಗೆ ಹಾಕುವುದು ಅವನ ಜಾತಕದಲ್ಲೇ ಇರಲಿಲ್ಲ. ಸ್ಕೂಲಿಗೆ ಹೊರಟರೆ ಧಡಾರ್, ಬಂದರೆ ಧಡಾರ್, ನಿನ್ನ ಜೊತೆ ಜಗಳವಾದರೆ ಎರಡು ಸಲ ಧಡಾರ್. ಗಾರೆ ಉದುರುತ್ತದೋ ಎಂದು ನಾನು ಕೂಗುತ್ತಿದ್ದೆ. ಅವನ ಕೋಣೆಯ ಚೌಕಟ್ಟಿನ ಮೇಲೆ ಗಾರೆ ಉದುರಿದ ಜಾಗ ಈಗಲೂ ಇದೆ. ಅಂಗೈಯಷ್ಟಿತ್ತು, ಅಂಗೈಯಷ್ಟೇ ಇದೆ. ಸುಣ್ಣ ಹೊಡೆಯುವವನು ಅದನ್ನು ಮುಚ್ಚಲು ಬಂದಾಗ ಬೇಡವೆಂದು ಕಳಿಸಿಬಿಟ್ಟೆ.

ನಾನು ಯಾರ ಮುಂದೆಯೂ ಕೈಚಾಚಿದವಳಲ್ಲ, ಮಗಳೇ. ಹೆತ್ತ ಮಕ್ಕಳ ಮುಂದೆ ಮೊದಲೇ ಇಲ್ಲ. ನಿನ್ನ ಕಾನೂನನ್ನು ಬದಲಿಸೆಂದು ನಾನು ಕೇಳುತ್ತಿಲ್ಲ. ಅದು ನಿನ್ನ ಕೋಟಿಗೆ ಬಿಟ್ಟದ್ದು. ಟೀವಿಯಲ್ಲಿ ಹೀಗೆ ಮಾತಾಡು, ಹಾಗೆ ಮಾತಾಡಬೇಡ ಎಂದೂ ಹೇಳುತ್ತಿಲ್ಲ. ಒಂದು ವಾರ ಬಾ. ನೀನು ಬಾರದಿದ್ದರೆ ಡಾಕ್ಟರಿಗೆ ಮೂರನೇ ಸುಳ್ಳು ಹುಡುಕಬೇಕು. ನೋವು ಈಗ ಬೆನ್ನಿನವರೆಗೂ ಬರುತ್ತದೆ, ಮುಂದಿನ ಸಲ ದಿನ ಕೊಡುವಷ್ಟು ಪುರುಸೊತ್ತು ಇರುವುದಿಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ.

ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಬರುವಾಗ ಕರಿ ಕೋಟು ಹಾಕಿಕೊಂಡು ಬರಬೇಡ. ಅವನು ಕೂರುವುದಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಸಂಜೆಯ ಕೆಲಸ ಬರೆಯುವುದು ಬಾಕಿ ಇದೆ. ಮರೆತಿರಲಿಲ್ಲ, ಕೈ ಏಳಲಿಲ್ಲ.

ಬಂದ ಹೊಸತರಲ್ಲಿ ಅವನು ಮಲಗುತ್ತಲೇ ಇರಲಿಲ್ಲ. ಬೆಳಿಗ್ಗೆ ನಾನು ಹೋಗಿ ನೋಡಿದರೆ ಮಂಚದ ಪಕ್ಕ ನಿಂತೇ ಇರುತ್ತಿದ್ದ. ಒಂದು ದಿನ ಅವನೇ ಕೇಳಿದ: "ಅಮ್ಮಾ, ಹೊರಗಿಂದ ಚಿಲಕ ಹಾಕ್ತೀಯಾ? ಹಾಕದಿದ್ರೆ, ಇನ್ನೂ ತಲೆ ಎಣಿಸೋಕೆ ಬರ್ತಾರೆ ಅಂತ ಕಾಯ್ತಾ ಇರ್ತೀನಿ." ಬಡಗಿಗೆ ಅದು ಬಟ್ಟೆ ಇಡುವ ಕೋಣೆ ಎಂದು ಹೇಳಿ ಹೊರಗಡೆಗೆ ಕಬ್ಬಿಣದ ಚಿಲಕ ಹಾಕಿಸಿದೆ. ಊಟವಾಗಿ ತಟ್ಟೆ ತೊಳೆದಿಟ್ಟ ಮೇಲೆ ಅವನು ಒಳಗೆ ಹೋಗುತ್ತಾನೆ. ನೀನು ಬಾಗಿಲು ಮುಚ್ಚಿ ಚಿಲಕವನ್ನು ಸದ್ದಾಗುವ ಹಾಗೆ ಜೋರಾಗಿ ಎಳೆಯಬೇಕು. ಮೆಲ್ಲಗೆ ಎಳೆದರೆ ಅವನು ನಂಬುವುದಿಲ್ಲ. ಆಮೇಲೆ ಬಾಗಿಲನ್ನು ಎರಡು ಸಲ ಅಲ್ಲಾಡಿಸು. ಒಳಗಿನಿಂದ "ಇದ್ದೀನಿ ಸಾರ್" ಎನ್ನುತ್ತಾನೆ. ನನಗೂ ಹಾಗೇ ಅನ್ನುತ್ತಾನೆ, ನಾನು ಅಮ್ಮ ಎಂದು ತಿದ್ದಲು ಹೋಗಿಲ್ಲ. ನೀನೂ ಅಕ್ಕ ಎಂದು ತಿದ್ದಬೇಡ. ಸರಿ ಎಂದು ಹೇಳಿ ಬಂದುಬಿಡು. ಆಮೇಲೆ ಮಗುವಿನ ಹಾಗೆ ನಿದ್ದೆ ಮಾಡುತ್ತಾನೆ.

ಬೆಳಿಗ್ಗೆ ಎದ್ದ ಕೂಡಲೇ ಚಿಲಕ ತೆಗೆ. ಹೊಟ್ಟೆನೋವಿನಲ್ಲಿ ಒಂದು ದಿನ ನಾನು ಮರೆತೆ. ಮಧ್ಯಾಹ್ನ ಹೋಗಿ ತೆಗೆದರೆ ಹಾಸಿಗೆ ಮಡಿಚಿ ಅದರ ಪಕ್ಕ ಕೂತಿದ್ದ. ಹಸಿದು ಮುಖ ಬಾಡಿತ್ತು, ಒಂದು ಸಲವೂ ಕೂಗಿರಲಿಲ್ಲ. ನೀನು ಮರೆಯಬೇಡ, ಮಗಳೇ. ಅವನು ಕರೆಯುವುದಿಲ್ಲ.